ಮೂರು ಸೆಕೆಂಡಿನ ಮೋಡ, ಒಂದು ದಿನದ ಭತ್ತ

“ಏನ್ ಸಾ, ಸರ್ವೇನಾ?”

ಟ್ರೈಪಾಡ್ ನಿಲ್ಲಿಸಿ ಎರಡು ನಿಮಿಷ ಆಗಿರಲಿಲ್ಲ, ಪಕ್ಕದಲ್ಲಿ ಬೈಕ್ ನಿಂತಿತು. ಪಾಂಡವಪುರದ ಹತ್ತಿರ, ವಿ.ಸಿ. ನಾಲೆಯ ಏರಿ ಮೇಲೆ. ಹಿಂದೆ ಕೂತಿದ್ದವರ ತೊಡೆ ಮೇಲೆ ಹಾಲಿನ ಕ್ಯಾನು. “ಸರ್ವೆ ಅಲ್ಲ ಅಣ್ಣ, ಫೋಟೋ ತೆಗೀತಿದೀನಿ” ಅಂದೆ. ನಂಬಲಿಲ್ಲ. “ಮೂರು ಕಾಲಿನ ಸ್ಟ್ಯಾಂಡ್ ತಂದೋರೆಲ್ಲ ಮೊದ್ಲು ಹಂಗೇ ಅನ್ನೋದು. ರೋಡ್ ಯಾವ್ ಕಡೆಯಿಂದ ಬತ್ತದೆ, ಅದೊಂದ್ ಹೇಳ್ಬುಡಿ.”

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ನಮ್ಮ ಕಡೆ ಟ್ರೈಪಾಡ್ ಅಂದ್ರೆ ಒಂದೇ ಅರ್ಥ: ಯಾರದೋ ಗದ್ದೆ ಹೋಗುತ್ತೆ, ಇಲ್ಲಾ ಯಾರದೋ ಗದ್ದೆಗೆ ರೇಟ್ ಬರುತ್ತೆ. ನಾನು ಕ್ಯಾಮೆರಾದ ಸ್ಕ್ರೀನ್ ತೋರಿಸಿದೆ. ಅದರಲ್ಲಿ ಅವರ ಊರಿನ ತೆಂಗಿನ ಸಾಲು, ಅದರ ಮೇಲೆ ಮೋಡ. “ಇಷ್ಟಕ್ಕೆ ಎಷ್ಟೊತ್ತು ಕೂತ್ಕತೀರಿ?” “ಒಂದು ಗಂಟೆ.” “ಆಮ್ಯಾಕೆ?” “ಇಪ್ಪತ್ತು ಸೆಕೆಂಡಿನ ವಿಡಿಯೋ ಬರುತ್ತೆ.” ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಕ್ ಹೊರಟಿತು.

ಟೈಮ್‌ಲ್ಯಾಪ್ಸ್ ಅಂದ್ರೆ ಇಷ್ಟೇ. ಕ್ಯಾಮೆರಾ ಒಂದೇ ಜಾಗದಲ್ಲಿ ನಿಂತು, ನಿಗದಿತ ಅಂತರದಲ್ಲಿ ಒಂದೊಂದೇ ಚಿತ್ರ ತೆಗೆಯುತ್ತೆ. ಆಮೇಲೆ ಅವನ್ನು ಸೆಕೆಂಡಿಗೆ 25ರಂತೆ ಓಡಿಸಿದರೆ ಮೋಡ ಹರಿಯುತ್ತೆ, ನೆರಳು ನಡೆಯುತ್ತೆ, ನಕ್ಷತ್ರ ಸರಿಯುತ್ತೆ. ಹೊಸ ವಿದ್ಯೆಯೇನಲ್ಲ. ಇಂಗ್ಲೆಂಡಿನ ಪರ್ಸಿ ಸ್ಮಿತ್ 1910ರಲ್ಲೇ ಹೂವು ಅರಳೋದನ್ನು ಹೀಗೆ ಸಿನಿಮಾ ಮಾಡಿ ತೋರಿಸಿದ್ದ. ಗಿಡ ಬೆಳೆಯೋದು ಕಣ್ಣಿಗೆ ಕಾಣಬೇಕು ಅಂತ ನಮ್ಮ ಜಗದೀಶಚಂದ್ರ ಬೋಸರು ಕ್ರೆಸ್ಕೋಗ್ರಾಫ್ ಅನ್ನೋ ಯಂತ್ರವನ್ನೇ ಕಟ್ಟಿದ್ದರು. ಈಗ ಆ ಕೆಲಸಕ್ಕೆ ಬೇಕಾದ್ದೆಲ್ಲ ಕೈಯಲ್ಲಿ ಹಿಡಿಯೋ ಕ್ಯಾಮೆರಾದಲ್ಲಿದೆ.

ಎರಡು ವರ್ಷ, ವಾರಾಂತ್ಯಗಳಲ್ಲಿ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸುತ್ತಿದೆ. ಕಲಿತದ್ದರಲ್ಲಿ ಕ್ಯಾಮೆರಾದ ಪಾಲು ಅರ್ಧ. ಉಳಿದರ್ಧ ಆಯಾ ಊರಿನವರು ಹೇಳಿಕೊಟ್ಟದ್ದು.

ಕರಿಘಟ್ಟ: ಮೊದಲ ತಪ್ಪು

ಮೊದಲು ಹತ್ತಿದ್ದು ಶ್ರೀರಂಗಪಟ್ಟಣದ ಕರಿಘಟ್ಟ. ಮೇಲೆ ಶ್ರೀನಿವಾಸ ದೇವಸ್ಥಾನ, ಕೆಳಗೆ ಕಾವೇರಿ, ಅದಕ್ಕೆ ಬಂದು ಸೇರೋ ಲೋಕಪಾವನಿ, ಸುತ್ತ ಗದ್ದೆ, ತೆಂಗು. 2023ರ ಮುಂಗಾರು. ಆ ವರ್ಷ ಮೋಡ ಬಂದವು, ಮಳೆ ಬರಲಿಲ್ಲ. ಫೋಟೋಗೆ ಮಾತ್ರ ಚೆಂದ.

ಟೈಮ್‌ಲ್ಯಾಪ್ಸ್ ಅಂದ್ರೆ ನಿಧಾನದ ಕೆಲಸ ಅಂತ ತಿಳಿದು 15 ಸೆಕೆಂಡಿಗೊಂದು ಚಿತ್ರ ಅಂತ ಇಟ್ಟೆ. ಎಲ್ಲಾ ಸೆಟ್ಟಿಂಗ್ ಆಟೋ. ಮನೆಗೆ ಬಂದು ಜೋಡಿಸಿ ನೋಡಿದರೆ ಮೋಡ ಹರಿಯೋ ಬದಲು ಕಪ್ಪೆ ಥರ ಕುಪ್ಪಳಿಸುತ್ತಿತ್ತು. ಬೆಳಕು ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಮಿಣಮಿಣ. ಒಂದು ಚಿತ್ರ ನೀಲಿ, ಮುಂದಿನದು ಹಳದಿ.

ಮಿಣಮಿಣಕ್ಕೆ ಕಾರಣ ಆಟೋ. ಪ್ರತಿ ಚಿತ್ರಕ್ಕೂ ಕ್ಯಾಮೆರಾ ಹೊಸದಾಗಿ ಯೋಚಿಸುತ್ತೆ: ಎಷ್ಟು ಬೆಳಕು, ಯಾವ ಬಣ್ಣ, ಎಲ್ಲಿ ಫೋಕಸ್. ಒಂದೊಂದು ಚಿತ್ರವಾಗಿ ನೋಡಿದರೆ ಎಲ್ಲವೂ ಸರಿ. ಸಾಲಾಗಿ ಓಡಿಸಿದಾಗ ಅದರ ಅನುಮಾನವೆಲ್ಲ ಬಯಲಾಗುತ್ತೆ. ಹಾಗಾಗಿ ಮ್ಯಾನ್ಯುಯಲ್ ಮೋಡ್, ಮ್ಯಾನ್ಯುಯಲ್ ಫೋಕಸ್, ವೈಟ್ ಬ್ಯಾಲೆನ್ಸ್ ‘ಡೇಲೈಟ್’ಗೆ ಲಾಕ್. ಈ ಮೂರು ಆದರೆ ಅರ್ಧ ರೋಗ ಹೋಗುತ್ತೆ.

ಕುಪ್ಪಳಿಸೋದಕ್ಕೆ ಪರಿಹಾರ ಸಿಕ್ಕಿದ್ದು ಎರಡನೇ ಸಲ ಹತ್ತಿದಾಗ. ಮೇಕೆ ಮೇಯಿಸೋ ಅಜ್ಜ ಒಬ್ಬರು ಪಕ್ಕದಲ್ಲಿ ಕೂತು ಎಲ್ಲಾ ವಿಚಾರಿಸಿಕೊಂಡರು. ಆಮೇಲೆ ಕೋಲಿನಿಂದ ಕೆಳಗೆ ತೋರಿಸಿದರು: “ಮ್ಯಾಲೆ ಯಾಕ್ ನೋಡೀಯಪ್ಪ? ಮೋಡದ ನೆಳ್ಳು ನೋಡು. ಆ ತೋಟದಿಂದ ಹೊರಟು ಹೊಳೆ ದಾಟೋಕೆ ಎಷ್ಟೊತ್ತು ತಗತದೆ ಅಂತ ನೋಡು.”

ಎಂಜಿನಿಯರಿಂಗ್ ಓದಿದ ನನಗೆ ಇದು ಹೊಳೆದಿರಲಿಲ್ಲ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ನೆರಳು ನನ್ನ ಫ್ರೇಮಿನ ಈ ತುದಿಯಿಂದ ಆ ತುದಿಗೆ ಹೋಗೋಕೆ ಹತ್ತು ನಿಮಿಷ, ಅಂದ್ರೆ 600 ಸೆಕೆಂಡ್. ವಿಡಿಯೋದಲ್ಲಿ ಅದು ಎಂಟು ಸೆಕೆಂಡಿನಲ್ಲಿ ದಾಟಲಿ ಅಂದುಕೊಂಡರೆ 8 × 25, ಅಂದ್ರೆ 200 ಚಿತ್ರ ಬೇಕು. 600 ಭಾಗಿಸು 200. ಮೂರು ಸೆಕೆಂಡಿಗೊಂದು ಚಿತ್ರ.

ಅವತ್ತಿನಿಂದ ನನ್ನ ಲೆಕ್ಕ ಇದೊಂದೇ. ನಿಮ್ಮ ವಸ್ತು ಫ್ರೇಮ್ ದಾಟೋಕೆ ಎಷ್ಟು ಹೊತ್ತು ತಗೊಳ್ಳುತ್ತೆ? ಪರದೆ ಮೇಲೆ ಎಷ್ಟು ಸೆಕೆಂಡಿನಲ್ಲಿ ದಾಟಬೇಕು? ಎರಡನೆಯದನ್ನು 25ರಿಂದ ಗುಣಿಸಿ, ಮೊದಲನೆಯದನ್ನು ಅದರಿಂದ ಭಾಗಿಸಿ. ಇಂಟರ್‌ನೆಟ್‌ನಲ್ಲಿ ‘ಮೋಡಕ್ಕೆ ಇಷ್ಟು, ಜನಕ್ಕೆ ಇಷ್ಟು’ ಅಂತ ಪಟ್ಟಿ ಸಿಗುತ್ತೆ. ಆದರೆ ಆಷಾಢದ ಗಾಳಿಯ ಮೋಡಕ್ಕೂ ಜನವರಿಯ ಮೋಡಕ್ಕೂ ಒಂದೇ ಲೆಕ್ಕ ನಡೆಯಲ್ಲ. ಪಟ್ಟಿಗೆ ನಿಮ್ಮೂರಿನ ಗಾಳಿ ಗೊತ್ತಿಲ್ಲ.

ಹೊಸ ಕನ್ನಂಬಾಡಿ: ಬೆಳಕು ಇಳಿಯುವಾಗ

ಕೆ.ಆರ್.ಎಸ್. ಕಟ್ಟೆಯ ಹಿನ್ನೀರಿನ ದಂಡೆಯಲ್ಲಿ, ಪಾಂಡವಪುರ ತಾಲ್ಲೂಕಿನ ಕಡೆ, ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ಇದೆ. ಹೊಯ್ಸಳರ ಕಾಲದ್ದು. ಕಟ್ಟೆ ಕಟ್ಟಿದಾಗ ಹಳೇ ಕನ್ನಂಬಾಡಿಯ ಜೊತೆ ಮುಳುಗಿತ್ತು. ನೀರು ತೀರಾ ಇಳಿದ ವರ್ಷ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಆಮೇಲೆ ಕಲ್ಲು ಕಲ್ಲು ಬಿಚ್ಚಿ ತಂದು ಎತ್ತರದ ಜಾಗದಲ್ಲಿ ಮತ್ತೆ ಕಟ್ಟಿದರು. ಸಂಜೆ ಅಲ್ಲಿಂದ ಹಿನ್ನೀರಿನ ಮೇಲೆ ಸೂರ್ಯ ಇಳಿಯೋದನ್ನು ನೋಡೋಕೆ ಜನ ಬರ್ತಾರೆ.

ಟೈಮ್‌ಲ್ಯಾಪ್ಸ್ ಮಾಡೋರಿಗೆ ಹಗಲು ರಾತ್ರಿಯಾಗೋದನ್ನು ಹಿಡಿಯೋದೇ ದೊಡ್ಡ ಪರೀಕ್ಷೆ. ಮ್ಯಾನ್ಯುಯಲ್‌ನಲ್ಲಿ ಲಾಕ್ ಮಾಡಿದರೆ ಅರ್ಧ ಗಂಟೆಯಲ್ಲಿ ಚಿತ್ರ ಪೂರಾ ಕಪ್ಪು. ಆಟೋಗೆ ಬಿಟ್ಟರೆ ಮತ್ತೆ ಮಿಣಮಿಣ. ನಡುವಿನ ದಾರಿ ಅಂದ್ರೆ ಅಪರ್ಚರ್ ಒಂದನ್ನು ಲಾಕ್ ಮಾಡಿ, ಕತ್ತಲಾಗ್ತಾ ಹೋದ ಹಾಗೆ ಶಟರ್ ಸ್ಪೀಡನ್ನು ಒಂದೊಂದೇ ಮೆಟ್ಟಿಲು ನಿಧಾನ ಮಾಡ್ತಾ ಹೋಗೋದು. ಅದು ಸಾಲದಾದಾಗ ಐಎಸ್‌ಒ. ಆ ಮೆಟ್ಟಿಲುಗಳ ಗುರುತನ್ನು ಆಮೇಲೆ ಎಲ್‌ಆರ್‌ಟೈಮ್‌ಲ್ಯಾಪ್ಸ್ ಥರದ ಸಾಫ್ಟ್‌ವೇರ್ ನಯ ಮಾಡುತ್ತೆ.

ಮಿರರ್‌ಲೆಸ್ ಕ್ಯಾಮೆರಾದ ಬೆಲೆ ಗೊತ್ತಾಗೋದು ಇಲ್ಲಿ. ಒಳಗೆ ಎದ್ದು ಬೀಳೋ ಕನ್ನಡಿ ಇಲ್ಲ. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಸದ್ದೂ ಇಲ್ಲ, ಸವೆತವೂ ಇಲ್ಲ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಒಂದು ಸಂಜೆಗೆ ಸಾವಿರ ಕ್ಲಿಕ್ ಅಂದ್ರೆ ಶಟರ್‌ನ ಆಯಸ್ಸನ್ನೇ ಖರ್ಚು ಮಾಡಿದ ಹಾಗೆ. ಮುಂದಿನ ಚಿತ್ರ ಎಷ್ಟು ಕಪ್ಪಾಗಿ ಬರುತ್ತೆ ಅನ್ನೋದು ತೆಗೆಯೋ ಮುಂಚೆಯೇ ಸ್ಕ್ರೀನಿನಲ್ಲಿ ಕಾಣುತ್ತೆ. ಇಂಟರ್ವಲ್ ಟೈಮರ್ ಬಹಳಷ್ಟು ಮಾಡೆಲ್‌ಗಳಲ್ಲಿ ಒಳಗೇ ಇದೆ. ಕೆಟ್ಟದ್ದು ಒಂದೇ, ಬ್ಯಾಟರಿ ಬೇಗ ಕುಡಿಯುತ್ತೆ. ಅದಕ್ಕೆ ಯುಎಸ್‌ಬಿ ಚಾರ್ಜಿಂಗ್ ಇರೋ ಕ್ಯಾಮೆರಾಗೆ ಪವರ್ ಬ್ಯಾಂಕ್ ಸಿಕ್ಕಿಸಿಬಿಡಿ.

ಎಲೆಕ್ಟ್ರಾನಿಕ್ ಶಟರ್ ಎಲ್ಲಾ ಕಡೆ ಒಳ್ಳೇದಲ್ಲ ಅಂತ ಕಲಿತದ್ದು ಮೇಲುಕೋಟೆಯ ವೈರಮುಡಿ ಉತ್ಸವದ ರಾತ್ರಿ. ಎಲ್‌ಇಡಿ ದೀಪಗಳ ಕೆಳಗೆ ತೆಗೆದ ಪ್ರತಿ ಚಿತ್ರದಲ್ಲೂ ಅಡ್ಡಡ್ಡ ಪಟ್ಟಿ. ಆರು ನೂರು ಚಿತ್ರ ಡಿಲೀಟ್. ದೀಪದ ಬೆಳಕಿದ್ದರೆ ಮೆಕ್ಯಾನಿಕಲ್ ಶಟರ್‌ಗೇ ಹೋಗಿ.

ಹೊಸಹೊಳಲು: ಆನೆ ಸಾಲಿಗೆ ಬಿಸಿಲು

ಕೆ.ಆರ್. ಪೇಟೆ ಪಟ್ಟಣಕ್ಕೆ ಹತ್ತಿರದಲ್ಲೇ ಹೊಸಹೊಳಲು. ಅಲ್ಲಿನ ಲಕ್ಷ್ಮೀನಾರಾಯಣ ದೇವಸ್ಥಾನ 13ನೇ ಶತಮಾನದ್ದು, ಹೊಯ್ಸಳ ವೀರ ಸೋಮೇಶ್ವರನ ಕಾಲ. ಹೊರಗೋಡೆಯ ಕೆಳಗೆ ಸಾಲು ಸಾಲು: ಆನೆ, ಕುದುರೆ ಸವಾರರು, ಬಳ್ಳಿ, ರಾಮಾಯಣ-ಮಹಾಭಾರತದ ಕತೆ, ಮಕರ, ಹಂಸ. ಮೊದಲ ಸಲ ಕೇಳದೆ ಟ್ರೈಪಾಡ್ ಹಿಡಿದು ಹೋದೆ, ಬಿಡಲಿಲ್ಲ. ತಪ್ಪು ನನ್ನದೇ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮುಂಚೆಯೇ ಅನುಮತಿ ತಗೊಂಡಿರಬೇಕು.

ಅನುಮತಿ ತಗೊಂಡು ಹೋದ ಡಿಸೆಂಬರ್ ಬೆಳಿಗ್ಗೆ ಏಳಕ್ಕೇ ಶುರು ಮಾಡೋಕೆ ಹೊರಟೆ. ಜಗತಿ ಗುಡಿಸುತ್ತಿದ್ದ ಅಕ್ಕ ನಕ್ಕರು. “ಈಗ್ಲೇ ಏನ್ ಸಿಕ್ಕದೆ? ಬಿಸಿಲು ಮೇಲಿಂದ ಇಳ್ಕಬೇಕು. ಆನೆ ಸಾಲಿಗೆ ಬರೋಕೆ ಒಂಬತ್ತಾಯ್ತದೆ.”

ನಿಜ. ಪಕ್ಕದ ಮರದ, ಮನೆಗಳ ನೆರಳು ಗೋಡೆ ಮೇಲೆ ಬಿದ್ದಿರುತ್ತೆ. ಸೂರ್ಯ ಏರಿದ ಹಾಗೆ ನೆರಳು ಇಳಿಯುತ್ತೆ. ಮೊದಲು ದೊಡ್ಡ ಮೂರ್ತಿಗಳು, ಆಮೇಲೆ ಹಂಸ, ಮಕರ, ಕತೆ, ಬಳ್ಳಿ, ಕುದುರೆ, ಕೊನೆಗೆ ಆನೆ. ಎರಡು ಗಂಟೆಯ ಇಳಿತ, ಅಂದ್ರೆ 7200 ಸೆಕೆಂಡ್. ಹತ್ತು ಸೆಕೆಂಡಿನ ವಿಡಿಯೋಗೆ 250 ಚಿತ್ರ. ಹೆಚ್ಚುಕಡಿಮೆ 30 ಸೆಕೆಂಡಿಗೊಂದು. ಓರೆ ಬಿಸಿಲು ಬಿದ್ದಾಗ ಆ ಕಲ್ಲು ಮೈಕೊಡವಿ ಎದ್ದ ಹಾಗೆ ಕಾಣುತ್ತೆ. ದಿನಾ ಗುಡಿಸೋರಿಗೆ ಅದು ದಿನಾ ಕಾಣುತ್ತೆ. ನನಗೆ ಕಾಣೋಕೆ 250 ಚಿತ್ರ ಬೇಕಾಯಿತು.

ನಾಗಮಂಗಲ: ಇಬ್ಬನಿಯ ಪಾಠ

ನಾಗಮಂಗಲದ ಕಡೆ ನಾಲೆ ನೀರಿನ ಹಸಿರು ಕಮ್ಮಿ, ರಾಗಿ ಹೊಲ, ತೆಂಗು, ಬಯಲು ಜಾಸ್ತಿ. ರಾತ್ರಿ ಕತ್ತಲೂ ಜಾಸ್ತಿ. ಪೂರ್ವದ ಅಂಚಿನಲ್ಲಿ ಬೆಂಗಳೂರಿನ ಬೆಳಕಿನ ಮಬ್ಬು ಕಂಡರೂ ತಲೆ ಮೇಲೆ ನಕ್ಷತ್ರ ಧಾರಾಳ. ಫೆಬ್ರವರಿಯ ಅಮಾವಾಸ್ಯೆ ಆಸುಪಾಸಿನಲ್ಲಿ ಸೋದರತ್ತೆಯ ಹೊಲಕ್ಕೆ ಹೋದೆ. ಆ ತಿಂಗಳು ಕ್ಷೀರಪಥದ ನಡುಭಾಗ ಬೆಳಗಿನ ಜಾವ ಆಗ್ನೇಯದಲ್ಲಿ ಮೇಲೇರುತ್ತೆ. ಮೂರೂವರೆಯಿಂದ ಐದೂವರೆ ತನಕ ಎರಡು ಗಂಟೆ ಸಿಗುತ್ತೆ, ಆಮೇಲೆ ಬೆಳಕು ಹರಿಯೋಕೆ ಶುರು.

ಲೆನ್ಸ್ ಪೂರ್ತಿ ತೆರೆದು, ಒಂದು ಚಿತ್ರಕ್ಕೆ 20 ಸೆಕೆಂಡ್ ಎಕ್ಸ್‌ಪೋಷರ್. ಅದಕ್ಕಿಂತ ತೀರಾ ಜಾಸ್ತಿ ಕೊಟ್ಟರೆ ಭೂಮಿ ತಿರುಗೋದು ಗೊತ್ತಾಗಿ ನಕ್ಷತ್ರ ಗೆರೆಯಾಗುತ್ತೆ. ಚಿತ್ರ ಉಳಿಸಿಕೊಳ್ಳೋಕೆ ನಾಲ್ಕು ಸೆಕೆಂಡ್ ಬಿಡುವು. ಒಟ್ಟು 24 ಸೆಕೆಂಡಿಗೊಂದು, 300 ಚಿತ್ರ, 12 ಸೆಕೆಂಡಿನ ವಿಡಿಯೋ.

ಕ್ಯಾಮೆರಾ ಬಿಟ್ಟು ಜಗಲಿ ಮೇಲೆ ಕಂಬಳಿ ಹೊದ್ದು ಕೂತೆ. 210ನೇ ಚಿತ್ರದಿಂದ ಆಕಾಶ ಮಸುಕಾಗುತ್ತಾ ಹೋಗಿದೆ. ಮೋಡ ಅಂದುಕೊಂಡೆ. ಹೋಗಿ ನೋಡಿದರೆ ಲೆನ್ಸ್ ಮೇಲೆ ಇಬ್ಬನಿ. ಅತ್ತೆ ಎದ್ದು ಬಂದು ನೋಡಿ, “ಹೊತ್ತಾರೆ ಇಬ್ಬನಿ ಬೀಳ್ತದೆ ಅಂತ ಒಂದ್ ಮಾತು ಕೇಳಿದ್ರೆ ಹೇಳ್ತಿರ್ಲಿಲ್ವೇನ್ಲಾ?” ಅಂದರು. ಈಗ ಲೆನ್ಸಿಗೆ ಸುತ್ತೋ ಯುಎಸ್‌ಬಿ ಹೀಟರ್ ಪಟ್ಟಿ ಬ್ಯಾಗಿನಲ್ಲಿರುತ್ತೆ. ಅದರ ಜೊತೆ, ಹೋದ ಊರಿನಲ್ಲಿ ಮೊದಲು ಕೇಳೋ ಅಭ್ಯಾಸವೂ ಇದೆ.

ಮೊದಲ ಸಲ ಹೊರಡುವವರಿಗೆ

• ಕ್ಯಾಮೆರಾಗಿಂತ ಟ್ರೈಪಾಡ್ ಮುಖ್ಯ. ಗಾಳಿ ಇದ್ದರೆ ಬ್ಯಾಗನ್ನು ಅದರ ನಡುಗಂಬಕ್ಕೆ ನೇತು ಹಾಕಿ.
• ಲೆನ್ಸ್, ಬಾಡಿಯ ಸ್ಟೆಬಿಲೈಸೇಷನ್ ಆಫ್ ಮಾಡಿ.
• ನೀರು, ಜನ, ವಾಹನ ಇದ್ದರೆ ಎಕ್ಸ್‌ಪೋಷರ್ ಇಂಟರ್ವಲ್‌ನ ಅರ್ಧದಷ್ಟಿರಲಿ. ನಾಲ್ಕು ಸೆಕೆಂಡಿಗೊಂದಾದರೆ ಎರಡು ಸೆಕೆಂಡಿನ ಎಕ್ಸ್‌ಪೋಷರ್. ಚಲನೆ ನಯವಾಗುತ್ತೆ. ಹಗಲಲ್ಲಿ ಇದಕ್ಕೆ ಎನ್‌ಡಿ ಫಿಲ್ಟರ್ ಬೇಕು.
• ರಾ ಫೈಲ್ ಒಂದಕ್ಕೆ 25 ಎಂಬಿ ಅಂದರೂ 300 ಚಿತ್ರಕ್ಕೆ 7.5 ಜಿಬಿ. ಕಾರ್ಡ್ ಖಾಲಿ ಇದೆಯಾ ನೋಡಿಕೊಳ್ಳಿ.
• 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್. 4ಕೆ ವಿಡಿಯೋಗೆ 3840 ಸಾಕು. ಫ್ರೇಮ್ ಸ್ವಲ್ಪ ಅಗಲವಾಗಿ ಇಟ್ಟುಕೊಳ್ಳಿ, ಆಮೇಲೆ ಕತ್ತರಿಸಬಹುದು.
• ಜೋಡಿಸೋಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಸಾಕು.
• ಯಾರದ್ದೇ ಜಮೀನಾಗಲಿ, ಕೇಳಿಯೇ ಕಾಲಿಡಿ. ಸರ್ವೆ ಅಲ್ಲ ಅಂತ ಮೊದಲೇ ಹೇಳಿಬಿಡಿ!

ಗದ್ದೆ: ದಿನಕ್ಕೊಂದು ಚಿತ್ರ

ಇಷ್ಟೆಲ್ಲ ಆದಮೇಲೂ ನಾನು ನಿಜವಾಗಿ ತೆಗೆಯಬೇಕು ಅಂದುಕೊಂಡಿದ್ದು ಬೇರೆ ಇತ್ತು. ನಮ್ಮದೇ ಗದ್ದೆ. ಪಾಂಡವಪುರದ ಕಡೆ, ನಾಲೆ ಬಯಲಿನಲ್ಲಿ ಮುಕ್ಕಾಲು ಎಕರೆ. 2023ರ ಬರದಲ್ಲಿ ಅದಕ್ಕೆ ಭತ್ತ ಬೀಳಲಿಲ್ಲ. ಅಪ್ಪನ ಮಂಡಿ ಆಪರೇಷನ್ ಆಗಿತ್ತು. ಪಕ್ಕದ ಗದ್ದೆಯಲ್ಲಿ ಸೈಟಿನ ಕಲ್ಲು ನೆಟ್ಟಿದ್ದರು. ಬ್ರೋಕರ್ ತಿಂಗಳಿಗೆರಡು ಸಲ ಮನೆಗೆ ಬರ್ತಿದ್ದ. 2024ರ ಜುಲೈ ಕೊನೆಗೆ ಕನ್ನಂಬಾಡಿ ತುಂಬಿ, ಗದ್ದೆಗೆ ನೀರು ಬಂತು. “ಇದೊಂದ್ ಬೆಳೆ ತೆಗೆದು ಕೊಟ್ಬುಡಾನ” ಅಂತ ಅಪ್ಪ ಅಂದರು. ಅಮ್ಮ ಏನೂ ಹೇಳಲಿಲ್ಲ. ನಾನೂ.

ನನಗೆ ಬೇರೇನೂ ಮಾಡೋಕೆ ಗೊತ್ತಿರಲಿಲ್ಲ. ನಾಟಿಯಿಂದ ಕುಯ್ಲಿನ ತನಕ ದಿನಕ್ಕೊಂದು ಚಿತ್ರ. ಇಂಟರ್ವಲ್: 86,400 ಸೆಕೆಂಡ್. ಕ್ಯಾಮೆರಾ ಅಲ್ಲೇ ಬಿಡೋ ಹಾಗಿಲ್ಲ, ನಾನು ಬೆಂಗಳೂರು ಬಿಟ್ಟು ಬರೋ ಹಾಗಿಲ್ಲ. ಮೋಟರ್ ಮನೆಯ ಕಲ್ಲುಕಂಬಕ್ಕೆ ಟ್ರೈಪಾಡ್ ಪ್ಲೇಟ್ ಸಿಕ್ಕಿಸೋ ಕ್ಲ್ಯಾಂಪ್ ಬಿಗಿದೆ. ಕ್ಯಾಮೆರಾ ಪಡುವಣಕ್ಕೆ ಮುಖ. ಫೋಕಸ್ ರಿಂಗಿಗೆ ಟೇಪ್ ಅಂಟಿಸಿದೆ. ದಿನದಿನಕ್ಕೂ ಬೆಳಕು ಬೇರೆ ಬೇರೆ, ಹಾಗಾಗಿ ಇಲ್ಲಿ ಮಾತ್ರ ಶಟರ್ ಸ್ಪೀಡನ್ನು ಕ್ಯಾಮೆರಾಗೇ ಬಿಟ್ಟೆ. ಅಪ್ಪನಿಗೆ ಮೂರೇ ಕೆಲಸ: ಸಿಕ್ಕಿಸು, ಆನ್ ಮಾಡು, ಒತ್ತು. ಬೆಳಿಗ್ಗೆ ಏಳು ಗಂಟೆಗೆ, ನೀರು ನೋಡೋಕೆ ಹೋದಾಗ.

“ನನ್ನ ಕೈಲಿ ಆಯ್ತದಾ?” ಅಂದರು. ಮೂರನೇ ದಿನಕ್ಕೆ ಅವರೇ ಫೋನ್ ಮಾಡಿ, “ಗಾಜಿನ ಮೇಲೆ ಹನಿ ಕೂತಿತ್ತು, ಪಂಚೇಲಿ ಒರೆಸ್ದೆ” ಅಂದರು. ನಾನು ಬೆಚ್ಚಿಬಿದ್ದು ಲೆನ್ಸ್ ಬಟ್ಟೆ ಕೊರಿಯರ್ ಮಾಡಿದೆ.

ಆಗಸ್ಟ್ 12ರಿಂದ ಡಿಸೆಂಬರ್ 13ರ ತನಕ 124 ದಿನ. ಸಿಕ್ಕಿದ್ದು 113 ಚಿತ್ರ. ಜ್ವರ ಬಂದು ನಾಲ್ಕು ದಿನ, ಮದುವೆಗೆ ಹೋಗಿ ಮೂರು ದಿನ, ಮಳೆಗೆ ನಾಲ್ಕು ದಿನ ಹೋದವು. ಸೆಕೆಂಡಿಗೆ 12ರಂತೆ ಓಡಿಸಿದೆ. ಒಂಬತ್ತೂವರೆ ಸೆಕೆಂಡ್.

ಮೊದಲು ನೀರಲ್ಲಿ ಆಕಾಶ. ಆಮೇಲೆ ಚುಕ್ಕಿ ಚುಕ್ಕಿ ಹಸಿರು, ಅದು ಕೂಡಿಕೊಂಡು ಚಾಪೆ, ತೆನೆ, ಬಂಗಾರದ ಬಣ್ಣ. ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಬಂತಲ್ಲ, ಅಲ್ಲಿ ಒಂದು ಫ್ರೇಮಿನಲ್ಲಿ ನಿಂತಿರೋ ತೆನೆ ಮುಂದಿನ ಫ್ರೇಮಿನಲ್ಲಿ ಒಂದು ಮಗ್ಗುಲಿಗೆ ಮಲಗಿದೆ.

ನಾನು ಲೆಕ್ಕಕ್ಕೆ ತಗೊಳ್ಳದ ಒಂದು ವಸ್ತು ಫ್ರೇಮಿನಲ್ಲಿತ್ತು. ಬೆನ್ನ ಹಿಂದೆ ಸೂರ್ಯ ಇದ್ದದ್ದರಿಂದ ಬಿಸಿಲಿದ್ದ ದಿನವೆಲ್ಲ ಅಪ್ಪನ ನೆರಳು ಗದ್ದೆ ಮೇಲೆ ಬಿದ್ದಿದೆ. ಆಗಸ್ಟ್‌ನಲ್ಲಿ ಅದು ಎಡಗಡೆ ಇದೆ. ಸೂರ್ಯ ದಕ್ಷಿಣಕ್ಕೆ ಸರಿದ ಹಾಗೆ ದಿನಾ ಚೂರು ಚೂರು ಬಲಕ್ಕೆ ನಡೆಯುತ್ತೆ. ಡಿಸೆಂಬರ್ ಬರೋ ಹೊತ್ತಿಗೆ ಏಳು ಗಂಟೆಯ ಸೂರ್ಯ ತಗ್ಗಿನಲ್ಲಿ, ನೆರಳು ಎರಡು ಪಟ್ಟು ಉದ್ದ, ಗದ್ದೆಯ ಬಲ ಬದು ಮುಟ್ಟುತ್ತೆ. ಒಂಬತ್ತೂವರೆ ಸೆಕೆಂಡಿನಲ್ಲಿ ನಮ್ಮಪ್ಪ ಗದ್ದೆಯನ್ನು ಈ ಕಡೆಯಿಂದ ಆ ಕಡೆಗೆ ದಾಟಿದ್ದಾರೆ.

ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ನಾನು ನೆರಳಿನ ಬಗ್ಗೆ ಹೇಳೋಣ ಅಂತಿದ್ದೆ. ಅಪ್ಪ ಅದನ್ನು ನೋಡಲೇ ಇಲ್ಲ. ಕನ್ನಡಕ ಏರಿಸಿಕೊಂಡು, “ತಡಿ, ಇನ್ನೊಂದ್ ಸಲ ಹಾಕು” ಅಂದರು. ಮೂರನೇ ಸಲ ಬೆರಳಿಟ್ಟು ನಿಲ್ಲಿಸಿದರು. “ಆ ಮೂಲೆ ನೋಡು. ಎಲ್ಲಾ ಕಡೆ ಹಸುರಾದಾಗ ಅಲ್ಲಿ ಮಾತ್ರ ಮಾಸಲು. ನೀರು ನಿಂತಿಲ್ಲ ಅಲ್ಲಿ. ಬದು ಒಳಗಿಂದ ಸೋರ್ತಾ ಅದೆ ಕಣ್ಲಾ. ದಿನಾ ಹೋಗ್ತಿದ್ದೆ, ಕಣ್ಣಿಗೇ ಬೀಳ್ಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, ಯಾರಿಗೂ ಹೇಳದ ಹಾಗೆ, “ಮುಂದಿನ್ ಸಲ ಅಲ್ಲಿ ಮಣ್ಣು ಕೊಡಿಸ್ಬೇಕು” ಅಂದರು.

ಅಮ್ಮ ಅಡುಗೆಮನೆಯಿಂದ ನನ್ನ ಕಡೆ ನೋಡಿದರು.

ಸಾಲ ಇತ್ತು. ಮೇಲಿನ ಹತ್ತು ಗುಂಟೆ ಕೊಡಲೇಬೇಕಾಯಿತು. ಅಲ್ಲೀಗ ಸೈಟಿನ ಕಲ್ಲು ನಿಂತಿದೆ. ಕೆಳಗಿನ ಇಪ್ಪತ್ತು ಗುಂಟೆ ಉಳಿದಿದೆ, ಸದ್ಯಕ್ಕೆ. 2025ರಲ್ಲಿ ಜೂನ್ ಮುಗಿಯೋ ಮುಂಚೆಯೇ ಕನ್ನಂಬಾಡಿ ತುಂಬಿತು. ಜುಲೈನ ಒಂದು ಬೆಳಿಗ್ಗೆ ಆಫೀಸಿನ ಮೀಟಿಂಗ್ ನಡುವೆ ಅಪ್ಪನ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಬಂತು. ಹಿಂದೆ ನೀರು ಹರಿಯೋ ಸದ್ದು.

“ಲೋ, ಮೋಟ್ರು ಮನೆ ಕಂಬದಲ್ಲಿ ನಿನ್ ಕ್ಲ್ಯಾಂಪು ಸಡ್ಲ ಆಗದೆ. ಶನಿವಾರ ಬಂದಾಗ ಬಿಗಿ ಮಾಡು. ನಾಟಿಗೆ ಆಳು ಹೇಳಿದೀನಿ.”